ಹೆಸರಿನ ಮೂಲಕ ರವಾನೆ: ಆಲ್ಗಾಲ್ 60ರ ಒಂದು ನಿಯಮದ ಇತಿಹಾಸ

ಫಂಕ್ಷನ್ ಎಂದರೆ ನಿರ್ದಿಷ್ಟ ಕೆಲಸವೊಂದಕ್ಕೆ ಬರೆದಿಟ್ಟ ಸೂಚನೆಗಳ ಗುಂಪು. ಅದನ್ನು ಕರೆಯುವ ಪ್ರೋಗ್ರಾಮು ಅದರ ಕೈಗೆ ಒಪ್ಪಿಸುವ ಸಾಮಗ್ರಿಯೇ ಆರ್ಗ್ಯುಮೆಂಟ್. ಸಾಮಗ್ರಿಯ ಪ್ರತಿಯನ್ನು ಕೊಡಬೇಕೋ, ಮೆಮೊರಿಯಲ್ಲಿ ಅದಿರುವ ಜಾಗದ ವಿಳಾಸವನ್ನೇ ಕೊಡಬೇಕೋ ಎಂಬುದು, ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಅನುವಾದಿಸುವ ಕಂಪೈಲರ್ ಬರೆಯುವವರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ತೋರಬಹುದಾದರೂ, ಕರೆದ ಪ್ರೋಗ್ರಾಮಿನ ದತ್ತಾಂಶದ ಮೇಲೆ ಫಂಕ್ಷನ್ನಿಗೆ ಎಷ್ಟು ಅಧಿಕಾರವಿರಬೇಕು ಎಂಬ ದೊಡ್ಡ ಪ್ರಶ್ನೆ ಅದರಲ್ಲಿ ಅಡಗಿದೆ.

ಜಾನ್ ಬ್ಯಾಕಸ್ ನೇತೃತ್ವದ ಐಬಿಎಂ ತಂಡ ರೂಪಿಸಿದ ಫೋರ್ಟ್ರಾನ್ ಭಾಷೆಗೆ ಫಂಕ್ಷನ್ನುಗಳಂಥವೇ ಆದ ಸಬ್‌ರೂಟೀನುಗಳ ಸೌಲಭ್ಯ ಬಂದದ್ದು 1958ರ ಎರಡನೆಯ ಆವೃತ್ತಿಯಲ್ಲಿ. ಅಲ್ಲಿ ಆರ್ಗ್ಯುಮೆಂಟಿನ ವಿಳಾಸ ರವಾನೆಯಾಗುತ್ತಿದ್ದುದರಿಂದ ದೊಡ್ಡ ಮ್ಯಾಟ್ರಿಕ್ಸುಗಳನ್ನು ನಕಲು ಮಾಡುವ ಖರ್ಚು ಉಳಿಯುತ್ತಿತ್ತು. ಆದರೆ ಆರಂಭದ ಕಂಪೈಲರುಗಳಲ್ಲಿ ಸ್ಥಿರಸಂಖ್ಯೆಗಳಿಗೂ ಇದೇ ಪದ್ಧತಿ ಅನ್ವಯಿಸುತ್ತಿದ್ದುದರಿಂದ, 2 ಎಂಬ ಸಂಖ್ಯೆಯನ್ನು ಪಡೆದ ಸಬ್‌ರೂಟೀನು ಆ ಜಾಗದಲ್ಲಿ 3 ಎಂದು ಬರೆದುಬಿಟ್ಟರೆ, ಅನಂತರ ಪ್ರೋಗ್ರಾಮಿನಲ್ಲಿ 2 ಎಂದಿದ್ದ ಕಡೆಯಲ್ಲೆಲ್ಲ 3 ಎಂದೇ ಲೆಕ್ಕವಾಗುವ ಅಪಾಯವಿತ್ತು.

1960ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ಸೇರಿದ 13 ಮಂದಿ ರೂಪಿಸಿದ, ಪೀಟರ್ ನೌರ್ ಸಂಪಾದಿಸಿದ ಆಲ್ಗಾಲ್ 60 ಭಾಷೆಯ ವರದಿ ಈ ಪ್ರಶ್ನೆಯನ್ನು ಯಂತ್ರದ ಮಟ್ಟದಿಂದ ಭಾಷೆಯ ವ್ಯಾಕರಣಕ್ಕೆ ಎತ್ತಿತು. ಆ ವರದಿಯ ನಿಜವಾದ ಹಿರಿಮೆ ಇದು. ಬೆಲೆಯಷ್ಟೇ ಸಾಕೆಂದು ಪ್ರೋಗ್ರಾಮರು ಸ್ಪಷ್ಟವಾಗಿ ನಮೂದಿಸದಿದ್ದರೆ ಆರ್ಗ್ಯುಮೆಂಟು ಹೆಸರಿನ ಮೂಲಕ ರವಾನೆಯಾಗುತ್ತಿತ್ತು, ಅಂದರೆ ಕರೆಯುವಾಗ ಬರೆದ ಪದಪುಂಜವನ್ನೇ ಫಂಕ್ಷನ್ನಿನ ಒಡಲಲ್ಲಿ ಇಟ್ಟಂತೆ ಭಾವಿಸಿ, ಬೇಕಾದಾಗಲೆಲ್ಲ ಅದನ್ನು ಹೊಸದಾಗಿ ಲೆಕ್ಕ ಹಾಕಲಾಗುತ್ತಿತ್ತು. ಡೆನ್ಮಾರ್ಕಿನ ಯೋರ್ನ್ ಯೆನ್ಸನ್ ಇದರ ಶಕ್ತಿಯನ್ನು ತೋರಿಸಿಕೊಟ್ಟರು: ಮೊತ್ತ ಕೂಡಿಸುವ ಒಂದೇ ಫಂಕ್ಷನ್ನಿಗೆ i ಎಂಬ ಎಣಿಕೆಯನ್ನೂ 1/i ಎಂಬ ಪದವನ್ನೂ ಕೊಟ್ಟರೆ, i ಬದಲಾದಂತೆಲ್ಲ ಪದವೂ ಬದಲಾಗಿ ಶ್ರೇಣಿಯ ಮೊತ್ತ ತಾನಾಗಿ ಸಿಗುತ್ತದೆ.

ಇದೇ ಗುಣ ದೋಷವೂ ಆಯಿತು. ಎರಡು ಬೆಲೆಗಳನ್ನು ಅದಲುಬದಲು ಮಾಡುವ ಫಂಕ್ಷನ್ನಿಗೆ i ಮತ್ತು A[i] (A ಎಂಬ ಪಟ್ಟಿಯ i ನೆಯ ಬೆಲೆ) ಕೊಟ್ಟರೆಂದೂ, i ಯ ಬೆಲೆ 1, A[1] ರ ಬೆಲೆ 5 ಎಂದೂ ಇಟ್ಟುಕೊಂಡರೆ, ಮೊದಲು i ಗೆ 5 ಸಿಗುತ್ತದೆ. ಆಮೇಲೆ A[i] ಎಂದರೆ A[5] ಎಂದೇ ಅರ್ಥವಾಗುವುದರಿಂದ 1 ಎಂಬ ಬೆಲೆ ಅಲ್ಲಿಗೆ ಹೋಗಿ ಕೂರುತ್ತದೆ, A[1] ಮಾತ್ರ ಇದ್ದಂತೆಯೇ ಉಳಿಯುತ್ತದೆ. ಇಷ್ಟು ಸರಳವಾದ ಕೆಲಸದಲ್ಲೇ ಕೈಕೊಡುವ ನಿಯಮ ಬಹುಕಾಲ ಬಾಳುವಂತಿರಲಿಲ್ಲ. ಆದರೂ ಆ ನಿಯಮವನ್ನು ಯಂತ್ರದಲ್ಲಿ ಜಾರಿಗೊಳಿಸುವುದಕ್ಕಾಗಿ ಪ್ರತಿ ಆರ್ಗ್ಯುಮೆಂಟಿಗೂ ಒಂದು ಪುಟ್ಟ ಸಬ್‌ರೂಟೀನನ್ನು ಸೃಷ್ಟಿಸುವ ಉಪಾಯವನ್ನು ಪೀಟರ್ ಇಂಗರ್‌ಮನ್ 1961ರಲ್ಲಿ ಪ್ರಕಟಿಸಿ, ಅದನ್ನು ಥಂಕ್ ಎಂದು ಕರೆದರು.

ನಿಕ್ಲಾಸ್ ವಿರ್ತ್ ರೂಪಿಸಿದ ಪಾಸ್ಕಲ್ (1970) ಹೆಸರಿನ ರವಾನೆಯನ್ನು ಬಿಟ್ಟು, ಬೆಲೆಯನ್ನು ಸಹಜ ಕ್ರಮವಾಗಿಸಿ, ಮೂಲವನ್ನೇ ಒಪ್ಪಿಸಬೇಕಾದಲ್ಲಿ ಹಾಗೆಂದು ಫಂಕ್ಷನ್ನಿನ ತಲೆಬರಹದಲ್ಲೇ ಸಾರುವಂತೆ ಮಾಡಿತು. ಡೆನಿಸ್ ರಿಚಿಯವರ ಸಿ ಭಾಷೆ ಬೆಲೆಯೊಂದನ್ನೇ ಉಳಿಸಿಕೊಂಡು, ವಿಳಾಸ ಬೇಕಾದಾಗ ಅದನ್ನೂ ಒಂದು ಬೆಲೆಯಾಗಿಯೇ ಕೊಡಿಸಿತು. ಹೆಸರಿನ ರವಾನೆಯ ತಿರುಳು ಮುಂದೆ ಹ್ಯಾಸ್ಕೆಲ್‌ನಂಥ ಭಾಷೆಗಳಲ್ಲಿ ಬೇರೆ ರೂಪದಲ್ಲಿ ಮರಳಿತು: ಅಲ್ಲಿ ವೇರಿಯೇಬಲ್ಲಿನ ಬೆಲೆ ಒಮ್ಮೆ ನಿಂತ ಮೇಲೆ ಬದಲಾಗುವುದಿಲ್ಲವಾದ್ದರಿಂದ, ಆರ್ಗ್ಯುಮೆಂಟನ್ನು ಅಗತ್ಯ ಬಿದ್ದಾಗ ಒಮ್ಮೆ ಮಾತ್ರ ಲೆಕ್ಕ ಹಾಕಿ ಫಲವನ್ನು ಕಾದಿಟ್ಟುಕೊಳ್ಳಬಹುದು. ಹಾಗೆ ಲೆಕ್ಕಕ್ಕೆಂದು ಕಾಯುತ್ತಿರುವ ಆರ್ಗ್ಯುಮೆಂಟನ್ನು ಹ್ಯಾಸ್ಕೆಲ್ ಬಲ್ಲವರು ಇಂದಿಗೂ ಥಂಕ್ ಎಂದೇ ಕರೆಯುತ್ತಾರೆ.