ಅಕ್ಷಿಪಟಲ ಶಸ್ತ್ರಚಿಕಿತ್ಸೆ: ಹೊರಗಿನಿಂದ ಒಳಕ್ಕೆ

ಕಣ್ಣುಗುಡ್ಡೆಯ ಬಹುಭಾಗವನ್ನು ತುಂಬಿರುವುದು ವಿಟ್ರಿಯಸ್ ಎಂಬ, ಲೋಳೆಸರದ ತಿರುಳಿನಂಥ ಪಾರದರ್ಶಕ ದ್ರವ್ಯ. ಸುಮಾರು 4 ಮಿಲಿಲೀಟರಿನಷ್ಟಿರುವ ಇದರಲ್ಲಿ ಶೇ. 98ರಷ್ಟು ನೀರೇ. ಇದರ ಹಿಂದೆ, ಕಣ್ಣಿನ ಒಳಗೋಡೆಗೆ ಒತ್ತಿಕೊಂಡಿರುವ ಅಕ್ಷಿಪಟಲ ಅರ್ಧ ಮಿಲಿಮೀಟರಿನಷ್ಟೂ ದಪ್ಪವಿಲ್ಲ. ವಯಸ್ಸಾದಂತೆ ವಿಟ್ರಿಯಸ್ ನೀರಾಗಿ ಕುಗ್ಗುತ್ತದೆ. ಕುಗ್ಗುವಾಗ ತಾನು ಬಿಗಿಯಾಗಿ ಅಂಟಿಕೊಂಡ ಕಡೆ ಅಕ್ಷಿಪಟಲವನ್ನು ಎಳೆದು ಹರಿಯುವುದುಂಟು. ಆ ಹರಕಿನೊಳಗೆ ನೀರು ನುಗ್ಗಿದರೆ ಪಟಲ ಗೋಡೆಯಿಂದ ಕಳಚಿಕೊಳ್ಳುತ್ತದೆ. ಸಕ್ಕರೆ ಕಾಯಿಲೆಯಲ್ಲಾದರೆ ಪಟಲದ ಮೇಲೆ ಹೊಸದಾಗಿ ಹಬ್ಬಿದ ರಕ್ತನಾಳಗಳು ಒಡೆದು ವಿಟ್ರಿಯಸ್‌ನೊಳಗೆ ರಕ್ತ ತುಂಬುತ್ತದೆ. ಇವಕ್ಕೆ ಶಸ್ತ್ರಚಿಕಿತ್ಸೆ ಬೆಳೆದದ್ದು ಎರಡು ತೊಡಕುಗಳನ್ನು ದಾಟುತ್ತ: ಕಣ್ಣಿನ ಒಳಗನ್ನು ಕಾಣುವುದು ಒಂದು, ಕಣ್ಣು ಕುಸಿಯದಂತೆ ಒಳಗೆ ಕೈಹಾಕುವುದು ಇನ್ನೊಂದು.

ಮೊದಲ ತೊಡಕನ್ನು ಬಿಡಿಸಿದ್ದು 1851ರಲ್ಲಿ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಪ್ರಕಟಿಸಿದ ಆಪ್ತಾಲ್ಮೋಸ್ಕೋಪ್. ಪಟಲ ಕಳಚಿರುವುದು ವೈದ್ಯರಿಗೆ ಕಾಣತೊಡಗಿತು. ಆದರೆ ಏಕೆ ಕಳಚಿತೆಂಬುದರ ಬಗ್ಗೆ ಒಮ್ಮತವಿರಲಿಲ್ಲ. ರೋಗಿಯನ್ನು ವಾರಗಟ್ಟಲೆ ಅಲ್ಲಾಡದಂತೆ ಮಲಗಿಸುವುದೇ ಮುಖ್ಯ ಚಿಕಿತ್ಸೆಯಾಗಿತ್ತು, ಬಹುತೇಕರು ಕುರುಡರಾಗುತ್ತಿದ್ದರು. ಮೂಲ ಕಾರಣ ಹರಕೇ, ಅದನ್ನು ಮುಚ್ಚದೆ ಗುಣವಿಲ್ಲ ಎಂದು ಪಟ್ಟುಹಿಡಿದವರು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ಜೂಲ್ಸ್ ಗೋನಿನ್. ಅವರು ಹರಕಿನ ಜಾಗವನ್ನು ಅಳೆದು, ಅದಕ್ಕೆ ನೇರವಾಗಿ ಕಣ್ಣಿನ ಬಿಳಿಗೋಡೆಯ ಮೇಲೆ ಗುರುತು ಹಾಕಿ, ಕಾದ ಲೋಹದ ಮೊನೆಯನ್ನು ಅಲ್ಲಿಂದ ಒಳಕ್ಕೆ ಚುಚ್ಚುತ್ತಿದ್ದರು. ಪಟಲದ ಹಿಂದೆ ನಿಂತ ನೀರು ಹೊರಬರುತ್ತಿತ್ತು. ಸುಟ್ಟ ಗಾಯ ಮಾಯುವಾಗ ಹರಕಿನ ಅಂಚು ಗೋಡೆಗೆ ಬೆಸೆದುಕೊಳ್ಳುತ್ತಿತ್ತು. 1929ರ ಆಮ್‌ಸ್ಟರ್‌ಡ್ಯಾಮ್ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಈ ವಿಧಾನಕ್ಕೆ ಮನ್ನಣೆ ಸಿಕ್ಕಿತು.

ಮುಂದಿನ ನಾಲ್ಕು ದಶಕ ಕೆಲಸವೆಲ್ಲ ಹೊರಗಿನಿಂದಲೇ ನಡೆಯಿತು. ಜರ್ಮನಿಯ ಅರ್ನ್‌ಸ್ಟ್ ಕಸ್ಟೋಡಿಸ್ 1949ರಲ್ಲಿ ಬಿಳಿಗೋಡೆಯ ಮೇಲೆ ಪ್ಲಾಸ್ಟಿಕ್ ತುಂಡೊಂದನ್ನು ಹೊಲಿದು, ಗೋಡೆಯನ್ನೇ ಒಳಕ್ಕೆ ಒತ್ತಿ ಹರಕಿಗೆ ತಾಗಿಸಿದರು. ಬೆಲ್ಜಿಯಂನಿಂದ ಬಾಸ್ಟನ್ನಿಗೆ ಹೋಗಿ ನೆಲೆಸಿದ ಚಾರ್ಲ್ಸ್ ಸ್ಕೆಪೆನ್ಸ್ ಈ ‘ಬಕಲ್’ ವಿಧಾನವನ್ನು ಬೆಳೆಸಿದರು. ತಲೆಗೆ ಕಟ್ಟಿಕೊಳ್ಳುವ, ಎರಡೂ ಕಣ್ಣಿನಿಂದ ನೋಡುವ ಅವರ ಆಪ್ತಾಲ್ಮೋಸ್ಕೋಪ್‌ನಿಂದ ಪಟಲದ ಅಂಚಿನ ಹರಕುಗಳೂ ಆಳದ ಅರಿವಿನೊಂದಿಗೆ ಕಂಡವು. ಸೂರ್ಯಗ್ರಹಣ ನೋಡಿ ಪಟಲ ಸುಟ್ಟುಕೊಂಡವರ ಗಾಯವನ್ನು ಗಮನಿಸಿದ ಗೆರ್ಡ್ ಮೇಯರ್-ಶ್ವಿಕೆರಾಟ್, ಬೆಳಕಿನಿಂದಲೇ ಬೆಸೆಯುವ ದಾರಿ ಹುಡುಕಿದರು. ಮೊದಲು ಬಿಸಿಲು, ಆಮೇಲೆ ಕ್ಸೆನಾನ್ ದೀಪ ಬಳಕೆಯಾದವು. 1960ರ ದಶಕದ ಕೊನೆಗೆ ಆರ್ಗಾನ್ ಲೇಸರ್ ಬಂತು.

ಆದರೆ ವಿಟ್ರಿಯಸ್ ರಕ್ತದಿಂದ ತುಂಬಿದ್ದರೆ ಬಕಲ್ ಆಗಲಿ ಬೆಳಕಾಗಲಿ ಉಪಯೋಗಕ್ಕೆ ಬರುತ್ತಿರಲಿಲ್ಲ. ವಿಟ್ರಿಯಸ್ ಮುಟ್ಟಿದರೆ ಕಣ್ಣೇ ಹೋಗುತ್ತದೆ ಎಂಬುದು ಆಗಿನ ನಂಬಿಕೆ. 1960ರ ದಶಕದಲ್ಲಿ ಮಯಾಮಿಯ ಡೇವಿಡ್ ಕಾಸ್ನರ್, ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾವನ್ನು ತೆರೆದು ವಿಟ್ರಿಯಸ್‌ನ ಬಹುಭಾಗವನ್ನು ತೆಗೆದರೂ ಕಣ್ಣು ತಾಳಿಕೊಳ್ಳುವುದನ್ನು ತೋರಿಸಿದರು. ಅದೇ ಊರಿನ ರಾಬರ್ಟ್ ಮಾಕೆಮರ್ ಮುಚ್ಚಿದ ಕಣ್ಣಿನಲ್ಲೇ ಈ ಕೆಲಸ ಮಾಡುವ ಉಪಕರಣವನ್ನು ಮೊಟ್ಟೆಯ ಬಿಳಿ ಲೋಳೆಯ ಮೇಲೆ ಪ್ರಯೋಗಿಸಿ ರೂಪಿಸಿದರು. ವಿಟ್ರಿಯಸ್‌ನ ಎಳೆಗಳನ್ನು ಕತ್ತರಿಸುವುದು, ಹೀರುವುದು, ಹೀರಿದಷ್ಟೇ ದ್ರವ ತುಂಬಿ ಒತ್ತಡ ಕಾಯುವುದು, ಮೂರೂ ಒಂದೇ ಕೊಳವೆಯಲ್ಲಿ ನಡೆಯುತ್ತಿದ್ದವು. ಕಾರ್ನಿಯಾದ ಅಂಚಿನಿಂದ ಸುಮಾರು 4 ಮಿಲಿಮೀಟರ್ ಹಿಂದೆ ಪಟಲವಿಲ್ಲದ ‘ಪಾರ್ಸ್ ಪ್ಲಾನಾ’ ಎಂಬ ಪಟ್ಟಿಯಿದೆ. ಕೊಳವೆ ಒಳಹೊಕ್ಕಿದ್ದು ಅಲ್ಲಿಂದ. 1970ರಲ್ಲಿ ಮೊದಲ ರೋಗಿಗೆ ಈ ವಿಟ್ರೆಕ್ಟಮಿ ನಡೆಯಿತು.

ಕೊಳವೆ ದಪ್ಪವಿದ್ದುದರಿಂದ ರಂಧ್ರವೂ 2 ಮಿಲಿಮೀಟರ್ ಮೀರುತ್ತಿತ್ತು. 1970ರ ದಶಕದ ಮಧ್ಯಭಾಗದಲ್ಲಿ ಓಮ್ಯಾಲಿ ಮತ್ತು ಹೈಂಟ್ಸ್ ಕೆಲಸವನ್ನು ಹಂಚಿದರು: ದ್ರವಕ್ಕೊಂದು, ದೀಪಕ್ಕೊಂದು, ಕತ್ತರಿಗೊಂದು, ಹೀಗೆ 0.9 ಮಿಲಿಮೀಟರಿನ ಮೂರು ರಂಧ್ರ. ಇಂದಿಗೂ ಶಸ್ತ್ರಚಿಕಿತ್ಸೆಯ ವಿನ್ಯಾಸ ಇದೇ. 2002ರಿಂದ ಬಂದ 25, 23 ಮತ್ತು 27 ಗೇಜ್ ಉಪಕರಣಗಳು ಅರ್ಧ ಮಿಲಿಮೀಟರಿನ ಆಸುಪಾಸಿನವು; ಗಾಯಕ್ಕೆ ಹೊಲಿಗೆ ಬೇಕಾಗುವುದು ಅಪರೂಪ.

ಸಮತಟ್ಟು ಮಾಡಿದ ಪಟಲ ಬೆಸೆಯುವವರೆಗೆ ಅದನ್ನು ಒತ್ತಿಹಿಡಿಯುವ ವಸ್ತುವೂ ಬೇಕು. ಪಾಲ್ ಸಿಬಿಸ್ 1962ರಲ್ಲಿ ಸಿಲಿಕೋನ್ ಎಣ್ಣೆ ಬಳಸಿದರು. ಇದನ್ನು ಸಾಮಾನ್ಯವಾಗಿ ಕೆಲವು ತಿಂಗಳ ನಂತರ ತೆಗೆಯಬೇಕಾಗುತ್ತದೆ. ಎಡ್ವರ್ಡ್ ನಾರ್ಟನ್ 1970ರ ದಶಕದಲ್ಲಿ ಪರಿಚಯಿಸಿದ ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲ ಸುಮಾರು ಎರಡು ವಾರದಲ್ಲಿ ತಾನಾಗಿ ಕರಗುತ್ತದೆ. ಗುಳ್ಳೆ ಮೇಲಕ್ಕೇರುವುದರಿಂದ ಹರಕು ಇರುವ ಜಾಗಕ್ಕೆ ತಕ್ಕಂತೆ ರೋಗಿ ತಲೆ ಇಟ್ಟುಕೊಳ್ಳಬೇಕು, ಕೆಲವೊಮ್ಮೆ ದಿನಗಟ್ಟಲೆ ಬೋರಲು ಮಲಗಬೇಕು. ಅನಿಲ ಕರಗುವ ಮುನ್ನ ವಿಮಾನ ಹತ್ತುವಂತಿಲ್ಲ. ಎತ್ತರದಲ್ಲಿ ಗುಳ್ಳೆ ಹಿಗ್ಗಿ ಕಣ್ಣಿನ ಒತ್ತಡ ಅಪಾಯಕರವಾಗಿ ಏರುತ್ತದೆ. 1987ರಲ್ಲಿ ಸ್ಟ್ಯಾನ್ಲಿ ಚಾಂಗ್ ವರದಿ ಮಾಡಿದ ಪರ್ಫ್ಲೋರೋಕಾರ್ಬನ್ ದ್ರವ ನೀರಿಗಿಂತ ಭಾರವಾದದ್ದು; ಅದು ಮಡಿಚಿದ ಪಟಲವನ್ನು ಶಸ್ತ್ರಚಿಕಿತ್ಸೆಯ ವೇಳೆಯಲ್ಲೇ ಬಿಡಿಸುತ್ತದೆ. ಪಟಲದ ನಡುಭಾಗವಾದ ಮ್ಯಾಕ್ಯುಲಾದಲ್ಲಾಗುವ ರಂಧ್ರಕ್ಕೂ ಶಸ್ತ್ರಚಿಕಿತ್ಸೆ ಸಾಧ್ಯವೆಂದು ಕೆಲ್ಲಿ ಮತ್ತು ವೆಂಡೆಲ್ 1991ರಲ್ಲಿ ತೋರಿಸಿದರು. ಅದೇ ವರ್ಷ ಪ್ರಕಟವಾದ, ಬೆಳಕಿನಿಂದ ಅಡ್ಡಸೀಳು ಚಿತ್ರ ತೆಗೆಯುವ ಓಸಿಟಿ ತಂತ್ರ ಪಟಲದ ಪದರಗಳನ್ನು ಒಂದೊಂದಾಗಿ ತೋರಿಸತೊಡಗಿತು.

ಭಾರತದಲ್ಲಿ ಈ ವಿದ್ಯೆ ಬೇರೂರಲು ಒಂದು ಕೊಂಡಿ ಸ್ಕೆಪೆನ್ಸ್ ಅವರದೇ. ಅವರ ಬಳಿ ತರಬೇತಿ ಪಡೆದ ಎಸ್. ಎಸ್. ಬದ್ರಿನಾಥ್ 1978ರಲ್ಲಿ ಚೆನ್ನೈಯಲ್ಲಿ ಶಂಕರ ನೇತ್ರಾಲಯ ಸ್ಥಾಪಿಸಿದರು. ಕರ್ನಾಟಕದಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ‘ಕಿಡ್‌ರಾಪ್’ ಯೋಜನೆ ಆರಂಭಿಸಿತು. ತಂತ್ರಜ್ಞರು ಕ್ಯಾಮೆರಾದೊಂದಿಗೆ ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗಿ ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಕಣ್ಣಿನ ಚಿತ್ರ ತೆಗೆಯುತ್ತಾರೆ, ದೂರದಲ್ಲಿರುವ ತಜ್ಞರು ಅವನ್ನು ಪರಿಶೀಲಿಸುತ್ತಾರೆ. ಇಂಥ ಮಕ್ಕಳಲ್ಲಿ ಪಟಲ ಕಳಚುವ ಅಪಾಯವಿರುತ್ತದೆ; ಪೂರ್ತಿ ಕಳಚಿದ ಮೇಲೆ ಶಸ್ತ್ರಚಿಕಿತ್ಸೆಯಿಂದ ಮರಳುವ ನೋಟ ತೀರ ಕಡಿಮೆ. ಸಕಾಲದ ಲೇಸರ್ ಬಹುತೇಕ ಮಕ್ಕಳನ್ನು ಆ ಹಂತಕ್ಕೆ ಬಿಡುವುದಿಲ್ಲ.

2005ರ ಸುಮಾರಿಗೆ ಬಳಕೆಗೆ ಬಂದ, ಹೊಸ ರಕ್ತನಾಳಗಳನ್ನು ತಡೆಯುವ ಚುಚ್ಚುಮದ್ದುಗಳು ಸಕ್ಕರೆ ಕಾಯಿಲೆಯ ಅನೇಕರಿಗೆ ಶಸ್ತ್ರಚಿಕಿತ್ಸೆಯನ್ನೇ ತಪ್ಪಿಸಿವೆ. ಇನ್ನೊಂದೆಡೆ ವಿಟ್ರೆಕ್ಟಮಿಗೆ ಹೊಸ ಕೆಲಸವೂ ಬಂದಿದೆ: 2017ರಲ್ಲಿ ಅಮೆರಿಕ ಅನುಮತಿಸಿದ, ಆನುವಂಶಿಕ ಕುರುಡಿನ ಜೀನ್ ಚಿಕಿತ್ಸೆಯ ಔಷಧವನ್ನು ಪಟಲದ ಅಡಿಗೆ ತಲುಪಿಸುವುದು ಅದೇ ಮಾರ್ಗದಿಂದ. ಪಟಲದ ಕಳಚುವಿಕೆ ಈಗ ಹತ್ತರಲ್ಲಿ ಎಂಟೊಂಬತ್ತು ಮಂದಿಗೆ ಮೊದಲ ಶಸ್ತ್ರಚಿಕಿತ್ಸೆಯಲ್ಲೇ ಸರಿಹೋಗುತ್ತದೆ. ವಿಫಲವಾದಾಗ ಮುಖ್ಯ ಕಾರಣ, ಪಟಲದ ಮೇಲೆ ಗಾಯದ ಅಂಗಾಂಶ ಬೆಳೆದು ಅದನ್ನು ಮತ್ತೆ ಎಳೆಯುವುದು. ಅದನ್ನು ಖಚಿತವಾಗಿ ತಡೆಯುವ ಔಷಧ ಇನ್ನೂ ಸಿಕ್ಕಿಲ್ಲ.