ಕುಮ್ಸಾರಿನ ಸಾಲು, ಮಾತುಬಿಟ್ಟ ಅಣ್ಣ

ಮುಲುಂಡ್ ಪಶ್ಚಿಮದ ಚರ್ಚಿಗೆ ಸಂತ ಹತ್ತನೇ ಪಯಸ್ ಅವರ ಹೆಸರಿದೆ. ತಿಳಿವಳಿಕೆ ಮೂಡುವ ಸುಮಾರು ಏಳರ ಪ್ರಾಯವೇ ಪಾಪನಿವೇದನೆಗೂ ಮೊದಲ ಪರಮಪ್ರಸಾದಕ್ಕೂ ತಕ್ಕದ್ದೆಂದು 1910ರಲ್ಲಿ ಗೊತ್ತುಮಾಡಿದ ಪೋಪರು ಇವರೇ. ಮಂಗಳೂರಿನಿಂದ ಮುಂಬೈಗೆ ಬಂದು ನೆಲೆಸಿದ ಕೊಂಕಣಿ ಮನೆಗಳಲ್ಲಿ ಪಾಪನಿವೇದನೆಯೆಂದರೆ ‘ಕುಮ್ಸಾರ್’. ತಪಸ್ಸು ಕಾಲದಲ್ಲಿ ಅಜ್ಜಿಯ ಹಿಂದೆ ಮೊಮ್ಮಗುವೂ ಆ ಸಾಲಿನಲ್ಲಿ ನಿಲ್ಲುತ್ತದೆ.

ಮೊದಲ ಶತಮಾನಗಳಲ್ಲಿ ಇಂಥ ಸಾಲೇ ಇರಲಿಲ್ಲ. ಘೋರ ಪಾಪ ಮಾಡಿದವನು ಇಡೀ ಸಭೆ ಕಾಣುವಂತೆ ಪ್ರಾಯಶ್ಚಿತ್ತಕ್ಕೆ ನಿಲ್ಲಬೇಕಿತ್ತು, ಅದೂ ಸಾಮಾನ್ಯವಾಗಿ ಜೀವಮಾನಕ್ಕೊಮ್ಮೆ. 250ರಲ್ಲಿ ರೋಮನ್ ಚಕ್ರವರ್ತಿ ಡೇಸಿಯಸ್‌ನ ಹಿಂಸೆಗೆ ಹೆದರಿ ರೋಮಿನ ದೇವತೆಗಳಿಗೆ ಬಲಿಯರ್ಪಿಸಿದವರು, ಬಿರುಗಾಳಿ ತಣಿದ ಮೇಲೆ ಚರ್ಚಿನ ಬಾಗಿಲಿಗೆ ಮರಳಿದರು. ಅವರನ್ನು ಒಳಗೆ ಬಿಡಲೇಬಾರದೆಂದು ರೋಮಿನ ಪಾದ್ರಿ ನೊವೇಶಿಯನ್ ಹಟ ಹಿಡಿದ. ಪ್ರಾಯಶ್ಚಿತ್ತದ ಬಳಿಕ ಸೇರಿಸಿಕೊಳ್ಳೋಣ ಎಂದರು ಕಾರ್ಥೇಜಿನ ಬಿಷಪ್ ಸಿಪ್ರಿಯನ್. ನಿಂತದ್ದು ಸಿಪ್ರಿಯನ್ನರ ಮಾತು. ಅಂದು ಹಟವೇ ಗೆದ್ದಿದ್ದರೆ ಸೋತವರಿಗೆ, ಹೆದರಿದವರಿಗೆ ಚರ್ಚಿನಲ್ಲಿ ಜಾಗವೇ ಇರುತ್ತಿರಲಿಲ್ಲ.

ಗುಟ್ಟಾಗಿ, ಮತ್ತೆ ಮತ್ತೆ ಪಾಪ ಹೇಳಿಕೊಳ್ಳುವ ಪದ್ಧತಿಯನ್ನು ಯೂರೋಪಿನಲ್ಲಿ ಹರಡಿದವರು ಐರ್ಲೆಂಡಿನ ಸನ್ಯಾಸಿಗಳು. 1215ರ ಲ್ಯಾಟರನ್ ಮಹಾಸಭೆ ಅದನ್ನು ವರ್ಷಕ್ಕೊಮ್ಮೆಯಾದರೂ ಕಡ್ಡಾಯ ಮಾಡಿತು. ದಂಡವಿನಾಯಿತಿ ಪತ್ರಗಳ ಮಾರಾಟದ ವಿರುದ್ಧ 1517ರಲ್ಲಿ ಲೂಥರ್ ಸಿಡಿದೆದ್ದರು. ಕ್ಷಮೆ ವಿಶ್ವಾಸದಿಂದ ಸಿಗುವ ವರವೆಂಬ ಅವರ ಬೋಧನೆಯನ್ನು 1834ರಲ್ಲಿ ಮಂಗಳೂರಿಗಿಳಿದ ಬಾಸೆಲ್ ಮಿಶನ್ನಿನವರು ಕನ್ನಡಕ್ಕೂ ತಂದರು. ಕಥೊಲಿಕರಲ್ಲಿ 1973ರ ಹೊಸ ವಿಧಿ ಈ ಸಂಸ್ಕಾರವನ್ನು ಸಂಧಾನವೆಂದು ಕರೆದು, ಸಭೆ ಒಟ್ಟಾಗಿ ಪಶ್ಚಾತ್ತಾಪಪಡುವುದಕ್ಕೂ ದಾರಿ ತೆರೆಯಿತು.

ಆ ಹೆಸರಿನ ಬದಲಾವಣೆ ನನಗೆ ತುಂಬ ಮುಖ್ಯ. ಗುರುಗಳ ಕಿವಿಯಲ್ಲಿ ಎಲ್ಲವನ್ನೂ ಹೇಳಿ ಹಗುರಾಗುವ ನಾವು, ಊರಿನ ಆಸ್ತಿಯ ಪಾಲಿಗಾಗಿ ಮಾತುಬಿಟ್ಟ ಅಣ್ಣನ ಮನೆ ಮೆಟ್ಟಿಲು ಹತ್ತುವುದಿಲ್ಲ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನ ಬಳಿಗೆ ಹೋಗು ಎಂಬ ಯೇಸುವಿನ ಬೋಧನೆ ಮತ್ತಾಯನ ಐದನೇ ಅಧ್ಯಾಯದಲ್ಲೇ ಇದೆ.

ಅದನ್ನು ಬದುಕಿ ತೋರಿಸಿದವರು ನಮ್ಮ ದೇಶದಲ್ಲೇ ಇದ್ದಾರೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಇಬ್ಬರು ಪುಟ್ಟ ಗಂಡುಮಕ್ಕಳನ್ನೂ ಜೀಪಿನಲ್ಲೇ ಸುಟ್ಟು ಕೊಂದರು. ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದರು. ಬಾರಿಪದದ ಕುಷ್ಠರೋಗಿಗಳ ಸೇವೆಯನ್ನೂ ಮುಂದುವರಿಸಿದರು. ಆದರೆ ಕ್ಷಮೆ ಬೇರೆ, ಅಪರಾಧದ ಫಲ ಬೇರೆ ಎಂಬುದನ್ನು ಅವರು ಸ್ಪಷ್ಟವಾಗಿಯೇ ಹೇಳಿದರು. ಆ ಕೊಲೆಯ ಅಪರಾಧಿ ದಾರಾ ಸಿಂಗ್‌ನ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಈ ವಿವೇಕ ನಮಗೆ ಬೇಕು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಪ್ರಾರ್ಥನಾಲಯಗಳ ಮೇಲೆ ದಾಳಿಯಾದಾಗ ನ್ಯಾಯ ಕೇಳಿದವರು ಕ್ಷಮೆಗೆ ವಿರೋಧಿಗಳಾಗಿರಲಿಲ್ಲ.

ಮಧ್ಯಪ್ರದೇಶದ ಕಥೆ ಇನ್ನೂ ಮುಂದೆ ಹೋಗುತ್ತದೆ. ಬಡ ಆದಿವಾಸಿಗಳ ಪರ ನಿಂತಿದ್ದ ಸಿಸ್ಟರ್ ರಾಣಿ ಮರಿಯಾರನ್ನು 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಸಮಂದರ್ ಸಿಂಗ್ ಇರಿದು ಕೊಂದ. ಅವರ ತಂಗಿ ಸೆಲ್ಮಿ, ಅವರೂ ಸಿಸ್ಟರ್, 2002ರಲ್ಲಿ ಜೈಲಿಗೆ ಹೋಗಿ ಅದೇ ಕೈಗೆ ರಾಖಿ ಕಟ್ಟಿದರು. ಅವನ ಬಿಡುಗಡೆಗೆ ರಾಣಿ ಮರಿಯಾರ ಮನೆಯವರೇ ಮನವಿ ಮಾಡಿದರು. 2006ರಲ್ಲಿ ಅವನು ಹೊರಬಂದ.

ಅಕ್ಕನನ್ನು ಕೊಂದ ಕೈಗೇ ರಾಖಿ ಕಟ್ಟಲು ಸಾಧ್ಯವಾದ ಮೇಲೆ ಆಸ್ತಿಯ ಜಗಳ ಎಷ್ಟರದು? ಈ ಸಲ ಕುಮ್ಸಾರಿನ ಸಾಲಿಗೆ ನಿಲ್ಲುವ ಮುಂಚೆ, ಮುಲುಂಡಿನಿಂದ ಊರಿಗೆ, ಅಣ್ಣನಿಗೆ ಒಂದು ಫೋನ್ ಮಾಡಿ.