ಬಿದ್ದ ಮರದ ಲೆಕ್ಕ

2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಚೆನ್ನೈಗೆ ಬಡಿದಾಗ ನಮ್ಮ ಕಾಂಪೌಂಡಿನ ಮಳೆಮರ (ಇಲ್ಲಿಯವರ ಬಾಯಲ್ಲಿ ತೂಂಗುಮೂಂಜಿ ಮರ) ಬುಡಸಮೇತ ಉರುಳಿತು. ನಾನಾಗ ಅಪಾರ್ಟ್‌ಮೆಂಟ್ ಸಂಘದ ಖಜಾಂಚಿ. "ಸೌದೆಯವನಿಗೆ ಕೊಟ್ಟುಬಿಡಿ ಸಾರ್, ದಾರಿ ಬಿಟ್ಟರೆ ಸಾಕು" ಎಂದರು ಎಲ್ಲರೂ. ನಾನೂ ಹೂಂ ಅಂದೆ.

ಆಮೇಲೊಮ್ಮೆ ಪಾಂಡಿಚೇರಿಗೆ ಹೋದಾಗ ಜಾರ್ಜ್ ನಕಾಶಿಮಾ ಎಂಬವನ ಕಥೆ ಗೊತ್ತಾಯಿತು. 1905ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಜಪಾನಿ ಮೂಲದವನು, ಓದಿದ್ದು ವಾಸ್ತುಶಿಲ್ಪ. 1937ರಲ್ಲಿ ಅರವಿಂದಾಶ್ರಮದ ಗೋಲ್ಕೊಂಡ್ ವಸತಿಗೃಹ ಕಟ್ಟಿಸಲು ಬಂದ. ಶ್ರೀ ಅರವಿಂದರು ಅವನಿಗಿಟ್ಟ ಹೆಸರು ಸುಂದರಾನಂದ!

ಅಮೆರಿಕಕ್ಕೆ ಮರಳಿದ ಮೇಲೆ ಯುದ್ಧ ಬಂತು. 1942ರಲ್ಲಿ ಹೆಂಡತಿ, ಕೈಗೂಸಿನ ಜೊತೆ ಅವನನ್ನೂ ಐಡಹೋದ ಮಿನಿಡೋಕಾ ಶಿಬಿರದಲ್ಲಿ ಕೂಡಿಹಾಕಿದರು. ತಪ್ಪೇನು? ಜಪಾನಿ ರಕ್ತ, ಅಷ್ಟೇ. ಅಲ್ಲೇ ಗೆಂಟಾರೊ ಹಿಕೊಗಾವಾ ಎಂಬ ಬಡಗಿಯಿಂದ, ಸಿಕ್ಕ ಚೂರುಪಾರು ಮರದಲ್ಲೇ ಕೆಲಸ ಕಲಿತ. 1943ರಲ್ಲಿ ಬಿಡುಗಡೆಯಾಗಿ ಪೆನ್ಸಿಲ್ವೇನಿಯಾದ ನ್ಯೂ ಹೋಪ್‌ನಲ್ಲಿ ನೆಲೆಸಿದ.

ಗಂಟು, ಬಿರುಕು ಇದೆಯೆಂದು ಬೇರೆಯವರು ತಳ್ಳಿದ ಹಲಗೆ ಇವನಿಗೆ ಬೇಕಿತ್ತು. ಬಿರುಕನ್ನು ಮುಚ್ಚಿಡದೆ, ಚಿಟ್ಟೆಯಾಕಾರದ ಮರದ ತುಂಡು ಕೂರಿಸಿ ಬಿಗಿಯುತ್ತಿದ್ದ. ಮರದ ಅಂಚನ್ನು ಇದ್ದ ಹಾಗೇ ಬಿಡುತ್ತಿದ್ದ. 1964ರಲ್ಲಿ ಅಹಮದಾಬಾದಿನ ಎನ್‌ಐಡಿಗೂ ಬಂದು ಪೀಠೋಪಕರಣ ವಿನ್ಯಾಸ ಮಾಡಿಕೊಟ್ಟ. ಒಂದು ಭಾರಿ ವಾಲ್‌ನಟ್ ದಿಮ್ಮಿಯಿಂದ ಮಾಡಿದ ಅವನ 'ಶಾಂತಿ ಪೀಠ' 1986ರಲ್ಲಿ ನ್ಯೂಯಾರ್ಕಿನ ಕೆಥೆಡ್ರಲ್ ಸೇರಿತು. ಅವನು 1990ರಲ್ಲಿ ತೀರಿಕೊಂಡ. ಅಂಥದೇ ಇನ್ನೊಂದು ಪೀಠ 1996ರಲ್ಲಿ ಆರೋವಿಲ್‌ಗೆ ಬಂತು.

ಬ್ಯಾಂಕಿನವನಿಗೆ ಮರದ ಉಸಾಬರಿ ಏಕೆ ಅಂತೀರಾ? ಬಿ.ಕಾಂ.ನಲ್ಲಿ ಸವಕಳಿ ಲೆಕ್ಕ ಹಾಕುವಾಗ ಕೊನೆಗೆ 'ಗುಜರಿ ಬೆಲೆ' ಅಂತ ಒಂದು ಬರುತ್ತಿತ್ತು. ಆ ಬೆಲೆ ಕಟ್ಟುವವನ ಕಣ್ಣಿನ ಮೇಲೆ ಹೋಗುತ್ತದೆ ಅಂತ ಮೇಷ್ಟ್ರು ಹೇಳಿರಲಿಲ್ಲ. ಮಳೆಮರದ ತಿರುಳಿನಲ್ಲಿ ಒಳ್ಳೆಯ ಮೇಜು ಆಗುತ್ತದೆ. ಹಲಗೆ ಕೊಯ್ಸಿ, ನಡುನಡುವೆ ಪಟ್ಟಿಯಿಟ್ಟು ನೆರಳಿನಲ್ಲಿ ಪೇರಿಸಿ, ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷ ಒಣಗಿಸಬೇಕು, ಅಷ್ಟೇ. ತಾಳ್ಮೆ ಬೇಕು, ಜಾಗ ಬೇಕು. ನಮ್ಮಲ್ಲಿ ಜಾಗ ಇತ್ತು.

ಸೌದೆಯವನು ಕೊಟ್ಟ ದುಡ್ಡನ್ನು ಸಂಘದ ಪುಸ್ತಕದಲ್ಲಿ 'ಇತರೆ ಆದಾಯ' ಎಂದು ಬರೆದವನು ನಾನೇ. ತೀರ್ಥಹಳ್ಳಿಯ ನಮ್ಮಜ್ಜನ ಮನೆಯಲ್ಲಿ ಗಾಳಿಗೆ ಬಿದ್ದ ಹಲಸು ಮಂಚವಾಗಿತ್ತು. ಅದರ ಮೇಲೆ ಮಲಗಿ ಬೆಳೆದವನೂ ನಾನೇ. ಮನೆಯಲ್ಲೇ ಇದ್ದ ಪಾಠವನ್ನು ನಕಾಶಿಮಾನಿಂದ ಕಲಿಯಬೇಕಾಯಿತು ನೋಡಿ.

ನಿಮ್ಮ ಬೀದಿಯಲ್ಲಿ ಮರ ಬಿದ್ದರೆ, ಗರಗಸದವನಿಗಿಂತ ಮೊದಲು ಒಬ್ಬ ಬಡಗಿಯನ್ನು ಕರೆಯಿರಿ.